ನನ್ನ ವಿಮರ್ಶೆಗಳನ್ನು ಟೈಪ್ ಮಾಡುತ್ತಿದ್ದವಳು

ಭೀಮಾಬಾಯಿ ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದಲೇ ಶುರು ಮಾಡುತ್ತಿದ್ದಳು. ಅದನ್ನು ಓದಿ, ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ ಮೊದಲ ಪುಟಕ್ಕೆ ಬರುತ್ತಿದ್ದಳು. ಕನ್ನಡ ಎಂ.ಎ. ಮಾಡಿದ ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು.

"ಹಿಂಗ ಓದಿದ್ರ ಮಜಾ ಏನು ಉಳೀತದ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಕಡೀಗಿ ಏನಾಗ್ತದ ಅಂತ ಗೊತ್ತಾದ್ರ ಅವಸರ ಇರಂಗಿಲ್ರಿ ಅಕ್ಕೋರ. ಬರದವ್ರು ಎಲ್ಲೆಲ್ಲಿ ಸುಳ್ಳ ಹೇಳ್ಯಾರ ಅಂತ ಸಾವಕಾಶ ನೋಡಬಹುದು," ಅಂದಳು.

ನಾನು ಆಗ ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ ನಿಲ್ಲುತ್ತಿದ್ದಲ್ಲಿ ಭತ್ತ ನಿಂತಿತ್ತು. ನೀರಿನ ಹಿಂದೆಯೇ ಜೀಪುಗಳು, ಕಾಲನಿಗಳು, ಕಚೇರಿಗಳು ಬಂದಿದ್ದವು. ಅಂಥದೊಂದು ಕಾಲುವೆ ಕಚೇರಿಯಲ್ಲಿ ಭೀಮಾಬಾಯಿ ಟೈಪಿಸ್ಟ್. ಹುಣಸಗಿ ಹತ್ತಿರದ ಹಳ್ಳಿಯವಳು. ಅವಳ ತಾಯಿ ಅದೇ ಕಾಲುವೆ ತೋಡುವಾಗ ಮಣ್ಣು ಹೊತ್ತವಳು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಕಟ್ಟಿ ಕುರ್ಚಿ ಸಂಪಾದಿಸಿದ್ದಳು.

ಕಲಬುರ್ಗಿಯ ಒಂದು ವಾರಪತ್ರಿಕೆಗೆ ನಾನು ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಊರಿನಲ್ಲಿ ಅದರಿಂದ ನನಗೊಂದು ಹೆಸರಿತ್ತು, ಮತ್ತು ಆ ಹೆಸರಿನ ಮೇಲೆ ನನಗೆ ಬಹಳ ಪ್ರೀತಿಯಿತ್ತು. ನನ್ನ ಅಕ್ಷರ ಓದಲಾಗುವುದಿಲ್ಲ, ಟೈಪ್ ಮಾಡಿಸಿ ಕಳಿಸಿ ಎಂದು ಸಂಪಾದಕರು ಬರೆದಾಗ ಭೀಮಾಬಾಯಿಯನ್ನು ಹುಡುಕಿಕೊಂಡು ಹೋದೆ. ಕಚೇರಿ ಬಿಟ್ಟ ಮೇಲೆ ಅರ್ಧ ತಾಸು ಕೂತು ಹೊಡೆದುಕೊಡಲು ಒಪ್ಪಿದಳು. ಏನು ಕೊಡಲಿ ಎಂದರೆ, "ಪುಸ್ತಕ ಎರಡು ದಿನ ನನ್ನ ಹತ್ರ ಬಿಡ್ರಿ, ಸಾಕು," ಎಂದಳು.

ಹೀಗೆ ಒಂದು ವರ್ಷ ನಡೆಯಿತು. ಒಮ್ಮೆ ಒಂದು ಕಥಾಸಂಕಲನದ ಬಗ್ಗೆ ಬರೆದು ಕೊಟ್ಟಿದ್ದೆ; ಟೈಪಾಗಿ ಬಂದದ್ದನ್ನು ತಿರುಗಿ ಓದದೆ ಅಂಚೆಗೆ ಹಾಕಿದ್ದೆ. ಅದು ಅಚ್ಚಾದ ಮೇಲೆ ಸಂಪಾದಕರಿಂದ ಕಾರ್ಡು ಬಂತು. "ಈ ಕತೆಗಳಲ್ಲಿ ಎಲ್ಲರೂ ಅಳುತ್ತಾರೆ, ಯಾರೂ ಅಡುಗೆ ಮಾಡುವುದಿಲ್ಲ ಎಂದಿದ್ದೀರಲ್ಲ, ಆ ಒಂದು ಮಾತಿನಲ್ಲಿ ಇಡೀ ಪುಸ್ತಕ ಬಂದುಬಿಟ್ಟಿದೆ," ಎಂದು ಹೊಗಳಿದ್ದರು.

ಆ ಮಾತು ನನ್ನದಾಗಿರಲಿಲ್ಲ. ನನ್ನ ಕೈಬರಹದ ಪ್ರತಿ ತೆಗೆದು ನೋಡಿದೆ. ಆ ಜಾಗದಲ್ಲಿ ನಾನು "ಲೇಖಕರ ಶೈಲಿ ಹೃದಯಂಗಮವಾಗಿದೆ" ಎಂದು ಬರೆದಿದ್ದೆ.

ಕಾರ್ಡನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ನೇರ ಕಚೇರಿಗೆ ಹೋದೆ. ಭೀಮಾಬಾಯಿ ರಿಬ್ಬನ್ ಬದಲಿಸುತ್ತಿದ್ದಳು; ಬೆರಳ ತುದಿಗಳೆಲ್ಲ ಮಸಿಯಾಗಿದ್ದವು.

"ನನ್ನ ಬರಹದಾಗ ಕೈ ಹಾಕಾಕ ನಿನಗ ಯಾರು ಹೇಳಿದ್ರು?"

ಅವಳು ಗಾಬರಿಯಾದಳು. "ತಪ್ಪಾತ್ರಿ ಅಕ್ಕೋರ. ಅಲ್ಲಿ ಬರೇ ಹೃದಯಂಗಮ ಅಂತಿತ್ತು, ಏನೂ ತಿಳೀಲಿಲ್ಲ. ಓದೂಮುಂದ ನನಗ ಅನಿಸಿದ್ದು ಕೈಗಿ ಬಂದುಬಿಡ್ತು."

"ಟೈಪ್ ಮಾಡೂದು ಅಷ್ಟೇ ನಿನ್ನ ಕೆಲಸ."

ಸಂಪಾದಕರು ಅದನ್ನೇ ಹೊಗಳಿದ್ದಾರೆಂದು ಹೇಳಲಿಲ್ಲ. ಅಂದಿನಿಂದ ಅವಳು ನಾನು ಬರೆದದ್ದನ್ನು ಬರೆದಂತೆಯೇ ಹೊಡೆದುಕೊಟ್ಟಳು, ನನ್ನ ಕಾಗುಣಿತದ ತಪ್ಪುಗಳನ್ನೂ ಬಿಡದೆ. ಸಂಪಾದಕರಿಂದ ಅಂಥ ಕಾರ್ಡು ಮತ್ತೆ ಬರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಶಾಲೆಗೆ ಹೆಸರುವಾಸಿ ಕಾದಂಬರಿಕಾರರೊಬ್ಬರು ಬಂದಿದ್ದರು. ಅವರನ್ನು ಪರಿಚಯಿಸಿ ಮುಕ್ಕಾಲು ತಾಸು ಮಾತಾಡಿದವಳು ನಾನು. ಭಾಷಣಕ್ಕೆಂದು ಹದಿನೈದು ದಿನ ತಯಾರಿ ಮಾಡಿದ್ದೆ. ಸಭೆ ಮುಗಿದು ಚಹಾ ಕುಡಿಯುವಾಗ ಅವರು, ಭಾಷಣ ಕೇಳಲು ಬಂದು ಹಿಂದೆ ನಿಂತಿದ್ದ ಭೀಮಾಬಾಯಿಯನ್ನು, "ನೀವೇನಾದರೂ ನನ್ನ ಕಾದಂಬರಿ ಓದಿದ್ದೀರಾ?" ಎಂದು ಕೇಳಿದರು.

"ಓದೀನ್ರಿ. ಛಲೋ ಅದ. ಆದ್ರ ನಡುವ ನಲವತ್ತು ಪುಟ ಬರೇ ಮಳಿ ಸುರೀತದ. ಮಂದಿ ಎಲ್ಲಾ ಒಳಗ ಕುಂತು ತಮ್ಮ ಮನಸ್ಸಿನ ಮಾತೇ ಆಡ್ತಾರ. ಮಳಿ ನಿಂತ ಮ್ಯಾಲೇ ಅವ್ರು ಮನುಷ್ಯರಾಗ್ತಾರ."

ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವರು ಮಾತ್ರ ಕಪ್ಪು ಕೆಳಗಿಟ್ಟು ಜೋರಾಗಿ ನಕ್ಕರು. ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡು, ಜೀಪು ಬರುವ ತನಕ ಅವಳೊಂದಿಗೇ ಮಾತಾಡಿದರು. ಹೊರಡುವಾಗ ನನಗೆ ನಮಸ್ಕರಿಸಿ, "ಈ ಹೆಣ್ಣುಮಗಳಿಂದ ಬರೆಸಿರಿ," ಎಂದು ಹೋದರು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಮನೆಯವರು ಕೇಳಿದರೆ ತಲೆನೋವು ಎಂದೆ.

ಮುಂದೆ ಎರಡು ತಿಂಗಳಿಗೆ ಭೀಮಾಬಾಯಿಯೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಟೈಪ್ ಮಾಡಿದ ನಾಲ್ಕು ಹಾಳೆ. ಕಾಲುವೆ ಕೆಲಸದ ಕೂಲಿ ಹೆಂಗಸರನ್ನು ಕುರಿತು ಆಗಷ್ಟೇ ಒಂದು ಕಾದಂಬರಿ ಬಂದಿತ್ತು. ಎಲ್ಲರೂ ಮೆಚ್ಚಿದ್ದರು, ನಾನೂ ಮೆಚ್ಚಿ ಬರೆಯಲು ಕೂತಿದ್ದೆ. ಅವಳು ಅದರ ಮೇಲೆ ತಾನೇ ಬರೆದಿದ್ದಳು.

"ಸಾಲಿಗಿ ಬಂದವ್ರು ಹೇಳಿ ಹೋದ್ರಲ್ರಿ, ಅದಕ್ಕ ಧೈರ್ಯ ಮಾಡೀನಿ. ನೀವು ಒಂದೀಟು ನೋಡಿ, ಚಂದ ಅನಿಸಿದ್ರ ನಿಮ್ಮ ಪತ್ರಿಕಿಗಿ ಕಳಿಸ್ರಿ."

ಅವಳು ಹೋದ ಮೇಲೆ ಓದಿದೆ. ಆ ಕಾದಂಬರಿಯಲ್ಲಿ ಹೆಂಗಸರು ಮಣ್ಣಿನ ಬುಟ್ಟಿ ಹೊತ್ತು ಸಾಲಾಗಿ ಹಾಡುತ್ತ ನಡೆಯುವ ಒಂದು ಅಧ್ಯಾಯವಿತ್ತು. ನಾನು ಅದನ್ನೇ ಹಾಡಿ ಹೊಗಳುವವಳಿದ್ದೆ. ಭೀಮಾಬಾಯಿ ಬರೆದಿದ್ದಳು: "ತಲೆಯ ಮೇಲೆ ಬುಟ್ಟಿ ಇರುವಾಗ ಯಾರೂ ಹಾಡುವುದಿಲ್ಲ, ಉಸಿರು ಹಿಡಿದು ನಡೆಯುತ್ತಾರೆ. ಬುಟ್ಟಿ ಇಳಿಸಿ ನೀರು ಕುಡಿದ ಮೇಲೆ ಒಬ್ಬಳು ಬಾಯಿ ತೆರೆಯುತ್ತಾಳೆ. ನಮ್ಮವ್ವ ಹಾಗೆ ಹಾಡಿದ್ದನ್ನು ನಾನು ಏರಿಯ ಮೇಲೆ ಕೂತು ಕೇಳಿದ್ದೇನೆ. ಲೇಖಕರು ಹಾಡನ್ನು ಕೇಳಿದ್ದಾರೆ, ಉಸಿರನ್ನು ಕೇಳಿಲ್ಲ."

ಮೂರು ಸಲ ಓದಿದೆ. ಇಪ್ಪತ್ತು ವರ್ಷ ಬರೆದರೂ ನನಗೆ ಅಂಥ ನಾಲ್ಕು ಸಾಲು ಬಂದಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಹಾಳೆಗಳನ್ನು ಕಪಾಟಿನಲ್ಲಿ ಹಳೆಯ ಉತ್ತರಪತ್ರಿಕೆಗಳ ಅಡಿಗೆ ತಳ್ಳಿದೆ.

ತಿಂಗಳಾದ ಮೇಲೆ ಕೇಳಿದಳು. "ಬಂತೇನ್ರಿ ಅಕ್ಕೋರ?"

"ಕಳಿಸೀನಿ. ಅವ್ರ ಹತ್ರ ಭಾಳ ಬಂದಿರ್ತಾವ," ಎಂದೆ.

ಮತ್ತೊಂದು ತಿಂಗಳಿಗೆ ಕೇಳಿದಳು. ಅದೇ ಉತ್ತರ ಕೊಟ್ಟೆ. ಮೂರನೆಯ ಸಲ ಅವಳು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಪರೀಕ್ಷೆ ಕೆಲಸಕ್ಕೆಂದು ಸುರಪುರಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ವಾರದ ಪತ್ರಿಕೆ ತೂಗುತ್ತಿತ್ತು. ಬಿಚ್ಚಿದರೆ ನನ್ನ ಪುಟದಲ್ಲಿ ಭೀಮಾಬಾಯಿಯ ಹೆಸರು. ಒಂದು ಅಕ್ಷರವನ್ನೂ ಕಡಿಮೆ ಮಾಡದೆ ಹಾಕಿದ್ದರು. ಶಹಾಪುರಕ್ಕೆ ಬರುವ ತನಕ ಆ ಪುಟವನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಿದ್ದೆ. ಸಿಕ್ಕಿಬಿದ್ದೆನಲ್ಲ ಎಂಬ ಹೆದರಿಕೆಗಿಂತ, ಅಚ್ಚಿನಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತಿದೆಯಲ್ಲ ಎಂಬ ಕಿಚ್ಚೇ ದೊಡ್ಡದಾಗಿತ್ತು.

ಆ ಮೇಲೆ ಕಚೇರಿಯ ಕಡೆ ಕಾಲಿಡಲಿಲ್ಲ. ಮಳೆಗಾಲದ ಹೊತ್ತಿಗೆ ಅವಳಿಗೆ ಯಾದಗಿರಿಗೆ ವರ್ಗವಾಯಿತೆಂದು ತಿಳಿಯಿತು. ಹೊರಡುವ ದಿನ ಮನಸ್ಸು ತಡೆಯದೆ ಬಸ್‌ಸ್ಟ್ಯಾಂಡಿಗೆ ಹೋದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ಒಬ್ಬಳೇ ನಿಂತಿದ್ದಳು.

"ನಿನ್ನ ಲೇಖನ ನಾ ಕಳಿಸೇ ಇರಲಿಲ್ಲ, ಭೀಮಾಬಾಯಿ."

"ಗೊತ್ತದರಿ."

"ಯಾವಾಗ ಗೊತ್ತಾತು?"

"ಎರಡನೇ ಸಲ ಕೇಳಿದಾಗ. ನೀವು ನನ್ನ ಮಾರಿ ನೋಡಲಿಲ್ಲ."

"ಮತ್ತ ಯಾಕ ಏನೂ ಅನಲಿಲ್ಲ?"

"ಟೈಪ್ ಮಾಡೋರ ಹತ್ರ ಕಾರ್ಬನ್ ಕಾಪಿ ಇರ್ತದಲ್ರಿ ಅಕ್ಕೋರ. ಅದನ್ನ ಕಳಿಸಿದೆ. ನಿಮ್ಮ ಕೂಡ ಜಗಳ ಯಾಕ? ಇಷ್ಟು ಪುಸ್ತಕ ನಿಮ್ಮ ಕೈಯಿಂದ್ಲೇ ಓದೀನಿ." ಸೆರಗು ಸರಿಮಾಡಿಕೊಂಡು ಸ್ವಲ್ಪ ಸಂಕೋಚದಿಂದ ಕೇಳಿದಳು: "ಅದು ಹೋಗ್ಲಿ ಬಿಡ್ರಿ. ಓದಿದ್ರಲ್ಲ, ಹೆಂಗದ ಹೇಳ್ರಿ. ಎಲ್ಲಾರ ಪುಸ್ತಕಕ್ಕ ಹೇಳ್ತೀರಿ, ನನಗೂ ಒಂದು ಮಾತು ಹೇಳ್ರಿ."

ಆ ನಾಲ್ಕು ಹಾಳೆ ನನಗೆ ಬಾಯಿಪಾಠವಾಗಿತ್ತು.

"ಎರಡನೇ ಪ್ಯಾರಾ ಒಂದೀಟು ಉದ್ದ ಆಗ್ಯಾದ," ಎಂದೆ.

ಅವಳು ತಲೆದೂಗಿದಳು. "ಹೌದ್ರಿ. ನನಗೂ ಅಲ್ಲಿ ಸಂಶೆ ಇತ್ತು."

ನಾಲ್ಕು ವರ್ಷದ ನಂತರ ಯಾದಗಿರಿಯಲ್ಲೇ ಕಾಮಾಲೆಯಾಗಿ ತೀರಿಕೊಂಡಳಂತೆ. ನನಗೆ ತಿಳಿಯುವ ಹೊತ್ತಿಗೆ ತಿಂಗಳಾಗಿತ್ತು. ಆಮೇಲೂ ಅವಳು ಬರೆದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪತ್ರಿಕೆಯಲ್ಲಿ ಮಾತ್ರ ಆ ಹೆಸರು ಮತ್ತೆ ಕಾಣಲಿಲ್ಲ.

ಅವಳು ಹೊರಟ ದಿನ ಬಸ್ಸು ತಡವಾಗಿ ಬಂತು. ಅದು ಬರುವ ತನಕ ಹತ್ತು ನಿಮಿಷ ನಾವಿಬ್ಬರೂ ಪಕ್ಕಪಕ್ಕದಲ್ಲೇ ನಿಂತಿದ್ದೆವು. 'ಛಲೋ ಬರದೀ' ಅನ್ನುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.