ಮೀನಿನ ದಾದಾ ಕೇಳುತ್ತಿದ್ದ ನದಿ

ಅಥವಾ ಮೀನಿನ ದಾದಾನ ತಲೆಯ ಮೇಲೆ ಬುಟ್ಟಿಯೇ ಇರಲಿಲ್ಲವೇನೋ. ಮೀನು ಮಾರುವವನೆಂದು ನನ್ನ ನೆನಪೇ ಅದನ್ನು ಹೊರಿಸಿರಬೇಕು. ಪೂರ್ವ ಬಂಗಾಳದಿಂದ ಓಡಿಬಂದು ನಮ್ಮೂರ ಬಳಿಯ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಮುದುಕ; ಬಂಗಾಳಿಗಳು ಅಣ್ಣನನ್ನು ಕರೆಯುವಂತೆ ನಾವೂ ಅವನನ್ನು ದಾದಾ ಎನ್ನುತ್ತಿದ್ದೆವು. ಸಿಂಧನೂರಿನ ಚಹಾದಂಗಡಿಯ ಟಿವಿಯಲ್ಲಿ ದೊಡ್ಡ ದೇಶಗಳು ಯಾರದೋ ನೆಲಕ್ಕಾಗಿ ಬಡಿದಾಡುತ್ತಿದ್ದರೆ, ಯಾರು ಗೆಲ್ಲುತ್ತಾರೆಂದು ನಾವು ಚಹಾದ ಬಾಜಿ ಕಟ್ಟುತ್ತಿದ್ದೆವು. ಅವನು ಮಾತ್ರ ಪ್ರತಿಸಲ ಕೇಳುತ್ತಿದ್ದ:

“ಅಲ್ಲಿ ನದಿ ಐತೇನ್ರೀ?”

“ಯಾಕ ದಾದಾ, ಮೀನ ಹಿಡ್ಯಾಕ ಹೊಂಟೀಯೇನು?”

ಎಲ್ಲರೂ ನಗುತ್ತಿದ್ದೆವು, ಅವನೂ ನಗುತ್ತಿದ್ದ.

ಒಂದು ದಿನ ಟಿವಿಯಲ್ಲಿ, ಮುರಿದ ಸೇತುವೆಯ ಕೆಳಗೆ ಜನ ಹೊಳೆ ದಾಟುತ್ತಿದ್ದರು. ಅವನು ಎದ್ದು ಹೋಗಿ, ಆಚೆ ದಡದಲ್ಲೇ ನಿಂತ ಹುಡುಗಿಯೊಬ್ಬಳ ಮೇಲೆ ಬೆರಳಿಟ್ಟ.

“ನಮ್ಮ ತಂಗಿನೂ ಇಷ್ಟ ಎತ್ತರ ಇದ್ಲುರೀ. ದೋಣಿ ತುಂಬಿತ್ತು. ಮುಂದಿನದಕ್ಕ ಬಾ ಅಂದಿದ್ದೆ.”

ಚಿತ್ರ ಬದಲಾಯಿತು. ಬೆರಳು ಅಲ್ಲೇ ಇತ್ತು.

ಅವಳು ಬಂದಳೋ ಇಲ್ಲವೋ, ನನಗೆ ಗೊತ್ತಿಲ್ಲ.