ಡ್ರಿಲ್ ಮೇಷ್ಟ್ರ ಐದು ಜನ

ಸೂಲಿಬೆಲೆ, ಅನುಗೊಂಡನಹಳ್ಳಿ, ಹೊಸಕೋಟೆಯ ಗಟ್ಟಿ ಆಟಗಾರರನ್ನೇ ಆರಿಸಿ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದವರು ಡ್ರಿಲ್ ಮೇಷ್ಟ್ರು. ಆದರೂ ಯುದ್ಧಕಾಲದಲ್ಲಿ ಬೀಡುಬಿಟ್ಟಿದ್ದ ಬಿಳಿಯ ಸಿಪಾಯಿಗಳೆದುರು ಸೋಲುತ್ತಲೇ ಇದ್ದೆವು. ಈ ಸಲವೂ ಹೀಗೇ ಆಡಿದರೆ ಇನ್ನು ಆಟಕ್ಕೆ ಕರೆಯುವುದಿಲ್ಲ ಎಂದು ಆ ಸಿಪಾಯಿಗಳು ಹೇಳಿದ್ದರು.

ಅರ್ಧ ಆಟಕ್ಕೆ ಮೇಷ್ಟ್ರು ಎಂದಿನಂತೆ ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. "ಎಲ್ರೂ ಚೆಂಡನ್ನ ಗೌಡ್ರ ಮಗನಿಗೇ ಕೊಡ್ತೀರಲ್ರೋ?"

"ದೊಡ್ಡೋರು ಸಾ, ಅವರನ್ನ ಬಿಟ್ಟು ನಾವೆಂಗೆ ಹಾಕೋದು?" ಎಂದೆ.

"ಸಿಪಾಯಿಗಳಿಗೂ ಅದು ಗೊತ್ತಾಗೋಗಿದೆ. ಅವನೊಬ್ಬನ್ನೇ ಅಡ್ಡಗಟ್ತಾರೆ. ಬುಟ್ಟಿಗೆ ಗೌಡ ಯಾರು ಅಂತ ಗೊತ್ತೇನೋ?"

ನಮ್ಮ ಜೊತೆಯೇ ಆಡುತ್ತಿದ್ದ ಗೌಡರ ಮಗ ನಕ್ಕು, "ನೀನೇ ಹಾಕ್ಲಾ" ಎಂದು ಚೆಂಡು ನನ್ನ ಕೈಗಿಟ್ಟರು.

ಆಮೇಲೆ ಐವರೂ ಹಾಕಿದೆವು. ಒಂದೇ ಬುಟ್ಟಿಯ ಅಂತರದಲ್ಲಿ ಸೋತೆವು. ಸಿಪಾಯಿಗಳೇ ಬಂದು ಮುಂದಿನ ಭಾನುವಾರ ಬರುವಿರಾ ಎಂದು ಕೇಳಿದರು.

ಮೇಷ್ಟ್ರು ಪೇಟ ಸುತ್ತಿಕೊಳ್ಳುತ್ತಾ, "ಐದು ಜನರನ್ನೂ ಕೇಳ್ಬೇಕಪ್ಪಾ" ಎಂದರು.