ಟೇಪಿನೊಳಗಿನ ರಂಗೋಲಿ

ಮುಳಬಾಗಿಲಿನ ಮುಕುಂದನಿಗೆ ಊರು ಇಟ್ಟಿದ್ದ ಹೆಸರು ಪೆಟ್ಟಿಗೆ ಮುಕುಂದ. ಹೆಸರಿಡುವುದರಲ್ಲಿ ಆ ಊರಿನವರನ್ನು ಮೀರಿಸುವವರಿಲ್ಲ, ಕಷ್ಟಕ್ಕೆ ಆಗುವುದರಲ್ಲಿ ಮಾತ್ರ ಸ್ವಲ್ಪ ಹಿಂದೆ. ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಸುತ್ತ ಕಂಪ್ಯೂಟರ್ ಸೆಂಟರ್‌ಗಳು ಅಣಬೆಯಂತೆ ಎದ್ದಿದ್ದವು. ಪೆಂಟಿಯಮ್ಮು, ಇಂಟರ್‌ನೆಟ್ಟು ಎನ್ನದೆ ಯಾರ ಬಾಯಿಗೂ ರುಚಿಯಿರಲಿಲ್ಲ. ಕೋಲಾರದ ಆಡಿಟರ್ ಕಚೇರಿಯಲ್ಲಿ ದಿನವಿಡೀ ಅಂಥದೇ ಹೊಸ ಯಂತ್ರದ ಮುಂದೆ ಕೂತು ಬರುತ್ತಿದ್ದ ಮುಕುಂದ ಮಾತ್ರ ಮನೆಯಲ್ಲಿ ಊಟದ ತಟ್ಟೆಯಷ್ಟಗಲದ ಒಂದು ಹಳೆಯ ಕಂಪ್ಯೂಟರನ್ನು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಅದು ಕೆಟ್ಟು ಎಷ್ಟೋ ಕಾಲವಾಗಿತ್ತು. ಇನ್ನೊಮ್ಮೆ, ಒಂದೇ ಒಂದು ಸಲ, ಅದನ್ನು ನಡೆಸಬೇಕೆಂಬುದು ಅವನ ಹಟ. ಯಾಕೆಂದು ಕೇಳಿದವರಿಗೆ ನಕ್ಕು ಸುಮ್ಮನಾಗುತ್ತಿದ್ದ. ಆ ಸೀರೆ ಸತ್ತುಹೋದ ತಂಗಿ ಮೃದುಲಾಳದು ಎಂದು ಅಂಥವರಿಗೆಲ್ಲ ಹೇಳುತ್ತ ಕೂರುವುದು ಸಾಧ್ಯವೇ?

ತೊಂಬತ್ತೊಂದರಲ್ಲಿ ಕೆಜಿಎಫ್‌ನಿಂದ ವರ್ಗವಾಗಿ ಹೊರಟ ಎಂಜಿನಿಯರೊಬ್ಬರು ಸಾಮಾನು ಹಗುರ ಮಾಡಿಕೊಳ್ಳುವಾಗ ಅದನ್ನು ಅವನಿಗೆ ಕೊಟ್ಟಿದ್ದರು. ಈಗಿನವರು ನೋಡಿದರೆ ಆಟದ ಸಾಮಾನು ಎಂದಾರು. ಅದಕ್ಕೆ ತನ್ನದೇ ಪರದೆ ಇರಲಿಲ್ಲ, ಮನೆಯ ಕಪ್ಪು ಬಿಳುಪು ಟೀವಿಯೇ ಪರದೆ. ಮಾಡಿದ್ದನ್ನು ಉಳಿಸಿಡಲು ಅಮ್ಮ ದೇವರನಾಮ ಕೇಳುವ ಟೇಪ್ ರೆಕಾರ್ಡರೇ ಗತಿ. ಯಂತ್ರ ತನಗೆ ಗೊತ್ತಿದ್ದುದನ್ನೆಲ್ಲ ಸದ್ದು ಮಾಡಿ ಕ್ಯಾಸೆಟ್ಟಿಗೆ ತುಂಬುತ್ತಿತ್ತು. ಮುಂದೆ ಯಾವತ್ತಾದರೂ ಆ ಕ್ಯಾಸೆಟ್ಟು ಓಡಿಸಿದರೆ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಎಲ್ಲವನ್ನೂ ನೆನಪಿಸಿಕೊಳ್ಳುತ್ತಿತ್ತು. ಆ ಸದ್ದು ಮನುಷ್ಯರ ಕಿವಿಗೆ ಹಿತವಲ್ಲ, ಯಾರೋ ಗಂಟಲು ಹರಿಯುವಂತೆ ಕಿರುಚುತ್ತಿದ್ದಾರೆ ಅನ್ನಿಸುತ್ತದೆ. ಆದರೆ ವೈರು ಸಿಕ್ಕಿಸಿದೊಡನೆ ಟೇಪಿನ ಸ್ಪೀಕರು ಬಾಯಿ ಮುಚ್ಚಿಕೊಳ್ಳುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಅದು ಕೇಳುತ್ತಿರಲಿಲ್ಲ. ಟೀವಿಯ ಅಂಚಿನಲ್ಲಿ ಕಪ್ಪು ಬಿಳಿ ಪಟ್ಟೆಗಳು ಸರಸರ ಓಡುವುದಷ್ಟೇ ಕಾಣುತ್ತಿತ್ತು.

ಅದರ ಹುಚ್ಚು ಮುಕುಂದನಿಗೆ ಹಿಡಿದದ್ದಕ್ಕಿಂತ ಹೆಚ್ಚಾಗಿ ಹಿಡಿದದ್ದು ಮೃದುಲಾಳಿಗೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಸ್ಕೂಟರ್ ಅಪಘಾತದಲ್ಲಿ ಹೋಗಿಬಿಟ್ಟಿದ್ದ. ತೌರಿಗೆ ಬಂದವಳನ್ನು ಮನೆಯವರು ಅಕ್ಕರೆಯಿಂದಲೇ ನೋಡಿಕೊಂಡರು. ಹಳೆಯ ಕಾಲದ ಕ್ರೂರ ಪದ್ಧತಿಯೆಲ್ಲ ಯಾರಿಗೂ ಬೇಕಿರಲಿಲ್ಲ. ಆದರೆ ಸಣ್ಣ ಪುಟ್ಟವು ಹಾಗೇ ಉಳಿದುಕೊಂಡಿದ್ದವಲ್ಲ, ಅವು ಕೊಲ್ಲುವಷ್ಟು ದೊಡ್ಡವು ಕೊಲ್ಲುವುದಿಲ್ಲ. ಹುಡುಗಿಯಾಗಿದ್ದಾಗ ಮೃದುಲಾ ಧನುರ್ಮಾಸದಲ್ಲಿ ರಂಗೋಲಿ ಇಟ್ಟಳೆಂದರೆ ಹಾಲಿನವನು ಸೈಕಲ್ಲಿಳಿದು ಬೀದಿಯ ಅಂಚು ಹಿಡಿದು ಹೋಗುತ್ತಿದ್ದ. ವಾಪಸು ಬಂದ ಹೊಸದರಲ್ಲಿ ಅವಳು ಒಂದು ಬೆಳಗ್ಗೆ ಅಭ್ಯಾಸಬಲದಿಂದ ರಂಗೋಲಿ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಅಮ್ಮ ಶ್ಯಾಮಲಮ್ಮ ಆ ಡಬ್ಬಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು.

"ಬೇಡಮ್ಮ, ನಾನೇ ಹಾಕ್ತೀನಿ. ಬೀದಿಯವರ ಬಾಯಿಗೆ ಯಾಕೆ ಬೀಳ್ಬೇಕು."

ವಿಧವೆ ಇಟ್ಟ ರಂಗೋಲಿಯನ್ನು ದಾಟಿಕೊಂಡು ಶುಭಕಾರ್ಯಕ್ಕೆ ಯಾರು ಹೋಗುತ್ತಾರೆ ಎಂಬ ಮಾತನ್ನು ಅಮ್ಮ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಮೃದುಲಾ ಸರಿ ಎಂದು ಒಳಗೆ ಬಂದಳು. ಮುಕುಂದ ಅಲ್ಲೇ ಷೂ ಹಾಕಿಕೊಳ್ಳುತ್ತ ಕೂತಿದ್ದ. ಲೇಸು ಬಿಗಿದು ಕೋಲಾರದ ಬಸ್ಸಿಗೆ ಹೊರಟ.

ಯಂತ್ರಕ್ಕೆ ಸಾಲು ಸಾಲಾಗಿ ಅಪ್ಪಣೆ ಕೊಡುವುದನ್ನು ಅವನು ತಂಗಿಗೆ ಕಲಿಸಿದ. ಹೊತ್ತು ಹೋಗಲಿ ಎಂದುಕೊಂಡಿದ್ದ ಅಷ್ಟೆ. ಒಂದು ಸಂಜೆ ಕೋಲಾರದ ಬಸ್ಸಿಳಿದು ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಟೀವಿಯ ಕಪ್ಪು ಪರದೆಯ ಮೇಲೆ ಬಿಳಿಯ ಚುಕ್ಕಿಗಳು ಒಂದೊಂದಾಗಿ ಬೀಳುತ್ತಿದ್ದವು. ಹದಿನೈದು ಚುಕ್ಕಿ, ಎಂಟರವರೆಗೆ. ಆಮೇಲೆ ಎಲ್ಲಿಂದಲೋ ಒಂದು ಎಳೆ ಹೊರಟು ಚುಕ್ಕಿಗಳನ್ನು ಬಳಸಿ, ಸುತ್ತಿ, ಎಲ್ಲೂ ಕಡಿಯದೆ ತಾನು ಹೊರಟಲ್ಲಿಗೇ ಬಂದು ಸೇರಿತು. ಸಗಣಿ ಸಾರಿಸಿದ ಅಂಗಳದಲ್ಲಿ ಅವಳ ಬೆರಳು ಓಡಿದ ಹಾಗೇ ಇತ್ತು.

ಮೃದುಲಾ ತಿರುಗಿ ನೋಡಿ, "ಇದನ್ನ ತುಳಿಯೋರಿಲ್ಲ ಅಣ್ಣ," ಎಂದಳು.

ಅಲ್ಲಿಂದ ಮುಂದೆ ಅವಳು ದಿನಕ್ಕೊಂದು ಬಗೆಯ ರಂಗೋಲಿ ಕಟ್ಟಿದಳು. ಗಂಡನೊಡನೆ ಹೋಗಿ ಕಂಡಿದ್ದ ಊರುಗಳು, ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನಲ್ಲಿ ಬಿಡಿಸುವ ಬಳ್ಳಿ, ಯಾವುದೂ ಬಿಡಲಿಲ್ಲ, ಎಲ್ಲವನ್ನೂ ಚುಕ್ಕಿ ಎಳೆಗಳಿಗೆ ಇಳಿಸಿದಳು. ಕಾಗದದ ಮೇಲೂ ಬರೆದಿಡು ಎಂದು ಮುಕುಂದ ಹೇಳಿದರೆ ಒಪ್ಪುತ್ತಿರಲಿಲ್ಲ. ಕಾಗದದ ಮೇಲಿದ್ದರೆ ಅಮ್ಮನ ಕಣ್ಣಿಗೆ ಬಿದ್ದು ಅವಳ ಮನಸ್ಸಿಗೆ ಚುಚ್ಚುತ್ತದೆ ಎನ್ನುತ್ತಿದ್ದಳು. ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೆ? ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು, ಹಾಗೇ ಒಳಗೆ ಹೋಗುತ್ತಿದ್ದಳು. ಒಮ್ಮೆ ಮಾತ್ರ, ಇಷ್ಟೆಲ್ಲ ಈ ಪೆಟ್ಟಿಗೆಗೆ ಹೇಗೆ ನೆನಪಿರುತ್ತದೆ ಎಂದು ಮಗನನ್ನು ಕೇಳಿದಳು. ಮುಕುಂದ ತಮಾಷೆಗೆ, ಮೃದುಲಾ ಹೇಳಿದ್ದೆಲ್ಲ ಕ್ಯಾಸೆಟ್ಟಿನಲ್ಲಿರುತ್ತದೆ ಅಮ್ಮ, ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಹಾಗೇ ಬಿಡಿಸುತ್ತದೆ ಎಂದ. ಅಮ್ಮ ತಲೆಯಾಡಿಸಿದಳು. ಅಷ್ಟು ಹಗುರವಾಗಿ ಆಡಿದ ಮಾತು ಅದು.

ತೊಂಬತ್ತೇಳರ ಮಳೆಗಾಲದಲ್ಲಿ ಮೃದುಲಾಳಿಗೆ ಕಾಮಾಲೆಯಾಯಿತು. ಊರಿನ ಔಷಧಿ ಕುಡಿಸಿ ನೋಡೋಣ ಎಂದು ಕಾದು, ಕೋಲಾರದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೈ ಮೀರಿತ್ತು. ಕರ್ಮಗಳೆಲ್ಲ ಮುಗಿದ ಮೇಲೆ ಮುಕುಂದ ಯಂತ್ರವನ್ನು ಅವಳ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟ. ಕ್ಯಾಸೆಟ್ಟುಗಳ ಡಬ್ಬ ಟೇಪ್ ರೆಕಾರ್ಡರಿನ ಪಕ್ಕದಲ್ಲೇ ಉಳಿಯಿತು. ಅದನ್ನು ಮುಟ್ಟುವವರು ಯಾರಿದ್ದಾರೆ ಎಂದುಕೊಂಡ. ಬಹಳ ದಿನ ಅವನಿಗೆ ಆ ಕಡೆ ನೋಡುವ ಧೈರ್ಯವೇ ಬರಲಿಲ್ಲ. ಕೊನೆಗೊಂದು ದಿನ ಮನಸ್ಸು ಗಟ್ಟಿ ಮಾಡಿ ಯಂತ್ರವನ್ನು ಇಳಿಸಿ ಸ್ವಿಚ್ ಹಾಕಿದರೆ ಟೀವಿಯಲ್ಲಿ ಬರೀ ಜರ್ರೆಂಬ ಸದ್ದು. ಯಂತ್ರವೂ ಸತ್ತಿತ್ತು.

ಹಟ ಶುರುವಾದದ್ದು ಆಗ. ಬೆಂಗಳೂರಿನ ಅಂಗಡಿ ಬೀದಿಗಳಲ್ಲಿ ಅಲೆದ. ಆ ಜಾತಿಯ ಯಂತ್ರದ ಹೆಸರು ಹೇಳಿದರೆ ಅಲ್ಲಿನವರು ಅವನ ಮುಖವನ್ನೇ ಮ್ಯೂಸಿಯಮ್ಮಿನ ಸಾಮಾನಿನಂತೆ ನೋಡಿದರು. ಶ್ರೀನಿವಾಸಪುರದಲ್ಲಿ ಟೀವಿ ರಿಪೇರಿ ಮಾಡುವ ಗಂಗುಲಪ್ಪ ಮಾತ್ರ ನಗದೆ ಬಿಚ್ಚಿ ನೋಡಿದ. "ಲೋಪಲ ಜೀವಂ ಲೇದು ಸಾರ್," ಎಂದ. ಒಳಗೆ ಜೀವ ಇಲ್ಲ ಎಂಬುದನ್ನು ತೆಲುಗಿನಲ್ಲಿ ಕೇಳಿದರೂ ಅಷ್ಟೇ ನೋವಾಗುತ್ತದೆ. ಇಂಥದೇ ಇನ್ನೊಂದು ಯಂತ್ರ ಸಿಕ್ಕಿದರೆ ಅದರದು ತೆಗೆದು ಇದಕ್ಕೆ ಹಾಕಿ ನೋಡಬಹುದು ಎಂದೂ ಹೇಳಿದ. ಇನ್ನೊಂದು ಎಲ್ಲಿಂದ ಬರಬೇಕು? ವರ್ಷಗಳು ಹೋದವು. ಮುಕುಂದನಿಗೆ ತಲೆ ನರೆಯಿತು, ಮದುವೆಯ ಮಾತೆತ್ತುವವರೂ ಸುಮ್ಮನಾದರು. ಕಚೇರಿಯಲ್ಲಿ ಎಷ್ಟು ಒಳ್ಳೆಯ ಯಂತ್ರ ಬಂದರೂ ಅವನಿಗೆ ಅವು ಕೂಲಿಯವರ ಹಾಗೆ ಕಾಣುತ್ತಿದ್ದವು. ಹೇಳಿದ್ದು ಮಾಡುತ್ತವೆ, ಯಾರವೂ ಅಲ್ಲ.

ಎರಡು ಸಾವಿರದ ಆರರಲ್ಲಿ ಮಾಲೂರಿನ ಶಾಲೆಯೊಂದು ತನ್ನ ಉಗ್ರಾಣ ಖಾಲಿ ಮಾಡಿಸಿದಾಗ ಗುಜರಿಗೆ ಹೊರಟ ರಾಶಿಯಲ್ಲಿ ಅಂಥದೇ ಒಂದು ಪೆಟ್ಟಿಗೆ ಇದೆಯೆಂದು ಕಚೇರಿಗೆ ಬಂದವರೊಬ್ಬರು ಬಾಯಿ ಮಾತಿಗೆ ಹೇಳಿದರು. ಮುಕುಂದ ಊಟ ಬಿಟ್ಟು ಬಸ್ಸು ಹತ್ತಿದ. ಅದರ ಅಕ್ಷರದ ಕೀಲಿಗಳು ಉದುರಿದ್ದವು, ಮೈ ಸುಟ್ಟಿತ್ತು, ಆದರೆ ಬೇಕಾದ ಭಾಗ ನೆಟ್ಟಗಿತ್ತು. ಗಂಗುಲಪ್ಪ ಒಂದರ ಗುಂಡಿಗೆ ತೆಗೆದು ಇನ್ನೊಂದಕ್ಕೆ ಹಾಕಿದ. ಅಂಗಡಿಯ ಟೀವಿಯಲ್ಲಿ ಆ ಹಳೆಯ ಅಕ್ಷರಗಳು ಮೂಡಿದಾಗ ಮುಕುಂದ ಗಿರಾಕಿಗಳ ಎದುರಿಗೇ ಅತ್ತ.

ಮಾರನೆಯ ಭಾನುವಾರ ಬೆಳಗ್ಗೆ ಅವನು ಸ್ನಾನ ಮಾಡಿ ಯಂತ್ರವನ್ನು ಹಳೆಯ ಜಾಗದಲ್ಲೇ ಇಟ್ಟ. ಟೀವಿ ಹಚ್ಚಿದ, ಟೇಪಿಗೆ ವೈರು ಸಿಕ್ಕಿಸಿದ, ಮೃದುಲಾಳ ಅಕ್ಷರದಲ್ಲಿ ಮೊದಲನೆಯದು ಎಂದು ಬರೆದಿದ್ದ ಕ್ಯಾಸೆಟ್ಟು ಹಾಕಿದ. ಅಂಚಿನಲ್ಲಿ ಪಟ್ಟೆಗಳು ಓಡಲಿಲ್ಲ. ಆಗೊಮ್ಮೆ ಈಗೊಮ್ಮೆ ಮಿಣುಕು, ಮತ್ತೆ ಸುಮ್ಮನೆ. ವಾಲ್ಯೂಮು ಏರಿಸಿದ, ಇಳಿಸಿದ, ತಿರುಗಿಸಿ ಹಾಕಿದ. ಕೊನೆಗೆ ಟೇಪಿನಲ್ಲಿ ಏನಾದರೂ ಇದೆಯೋ ಇಲ್ಲವೋ ನೋಡೋಣವೆಂದು ವೈರು ಕಿತ್ತ.

"ನಾರಾಯಣ... ನಾರಾಯಣ... ನಾರಾಯಣ..."

ಅಮ್ಮನ ದನಿ. ನಡುಗುವ, ಬಿಡದೆ ಜಪಿಸುವ ದನಿ. ಮುಕುಂದ ಮುಂದಕ್ಕೆ ಓಡಿಸಿ ನೋಡಿದ, ಅದೇ. ಇನ್ನೊಂದು ಕ್ಯಾಸೆಟ್ಟಿನಲ್ಲೂ ಅದೇ. ಡಬ್ಬದಲ್ಲಿದ್ದ ಎಲ್ಲದರಲ್ಲೂ, ಎರಡೂ ಬದಿಯಲ್ಲಿ, ತುದಿಯಿಂದ ತುದಿಗೆ ನಾರಾಯಣನೇ. ಅಮ್ಮಾ ಎಂದು ಕೂಗಿದ.

ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಶ್ಯಾಮಲಮ್ಮ ಅಡುಗೆಮನೆಯಿಂದ ಬಂದಳು. ಬೈಯಬೇಕೆಂದು ಎದ್ದ ಮಗ ಅವಳ ಮುಖ ನೋಡಿ ಅಲ್ಲೇ ನಿಂತ.

"ಅವಳು ತೀರ್ಕೊಂಡ ವರ್ಷಾನೇ ಈ ಕ್ಯಾಸೆಟ್ಟು ಹಾಕಿ ನೋಡ್ದೆ ಕಣೋ," ಎಂದಳು. "ನೀನೇ ಹೇಳಿದ್ಯಲ್ಲ, ಅವಳು ಹೇಳಿದ್ದೆಲ್ಲ ಇದರಲ್ಲಿರುತ್ತೆ ಅಂತ. ಒಂದ್ಸಲ ಅವಳ ದನಿ ಕೇಳೋಣ ಅನ್ನಿಸ್ತು. ಹಾಕಿದ್ರೆ ಕಿರುಚ್ತಾ ಇದ್ಲು. ಉಸಿರೂ ತಗೊಳ್ದೆ ಕಿರುಚ್ತಾ ಇದ್ಲು ಮುಕುಂದ. ಯಾವ್ದು ಹಾಕಿದ್ರೂ ಹಾಗೇ. ರಂಗೋಲಿ ಡಬ್ಬಿ ಕಿತ್ಕೊಂಡೋಳು ನಾನಲ್ವಾ."

ಆಮೇಲೆ ಅವಳು ತಗ್ಗಿದ ದನಿಯಲ್ಲಿ ಉಳಿದದ್ದನ್ನೂ ಹೇಳಿದಳು. ಮಗ ಕೋಲಾರಕ್ಕೆ ಹೋದ ಮೇಲೆ ದಿನವೂ ಮಡಿಯುಟ್ಟು ಟೇಪಿನ ಮುಂದೆ ಕೂತು, ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿ, ಮಗಳ ಸಂಕಟದ ಮೇಲೆ ದೇವರ ಹೆಸರು ತುಂಬಿಸಿದ್ದಳು. ಒಂದೂ ಬಿಟ್ಟಿರಲಿಲ್ಲ.

ಅದು ಕಿರುಚಾಟವಲ್ಲ ಅಮ್ಮ, ರಂಗೋಲಿ. ಈ ಮಾತು ಮುಕುಂದನ ಗಂಟಲಿಗೆ ಬಂದಿತ್ತು. ಆಡಿದರೆ ಅಮ್ಮನಿಗೆ ಗೊತ್ತಾಗುವುದು ಒಂದೇ, ಮಗಳ ರಂಗೋಲಿಯನ್ನು ತಾನು ಎರಡನೆಯ ಸಲವೂ ಅಳಿಸಿದೆ ಎಂಬುದು. ಅವನು ಮಾತನ್ನು ನುಂಗಿದ. ಇಷ್ಟು ವರ್ಷದ ಹಟವೂ ಅದರ ಜೊತೆಗೇ ಇಳಿಯಿತು.

"ಈಗ ಕಿರುಚ್ತಿಲ್ಲ ಅಲ್ವೇನೋ?" ಅಮ್ಮ ಕೇಳಿದಳು.

"ಇಲ್ಲಮ್ಮ. ಸುಮ್ಮನಾಗಿದಾಳೆ."

ಶ್ಯಾಮಲಮ್ಮ ಕಣ್ಣೊರೆಸಿಕೊಂಡು, ಹಗುರವಾದವಳಂತೆ ಒಳಗೆ ಹೋದಳು. ಮುಕುಂದ ವೈರನ್ನು ಮತ್ತೆ ಸಿಕ್ಕಿಸಿದ. ಅಮ್ಮನ ದನಿ ಹೊರಗೆ ಕೇಳುವುದು ನಿಂತಿತು. ಟೇಪು ಓಡುತ್ತಲೇ ಇತ್ತು, ಯಂತ್ರ ಕೇಳಿಸಿಕೊಳ್ಳುತ್ತಲೇ ಇತ್ತು, ಕಪ್ಪು ಪರದೆಯ ಮೇಲೆ ಒಂದು ಚುಕ್ಕಿಯೂ ಬೀಳಲಿಲ್ಲ.